ಕರಿಯ ಕಾರಿನ ಕಾಂತಿ

ಭೀಮಾತೀರದ ನಮ್ಮ ಯಾದಗಿರಿ ಸೀಮೆಯಿಂದ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ದುಡಿದು, ಬಹುಕಾಲದ ಆಸೆಯೊಂದನ್ನು ಕೈಗೂಡಿಸಿಕೊಂಡು, ನೆಲಕ್ಕೆ ಅಂಟಿದಂತೆ ಓಡುವ ಎರಡು ಬಾಗಿಲಿನ ಕಪ್ಪು ಸ್ಪೋರ್ಟ್ಸ್ ಕಾರೊಂದನ್ನು ಕೊಂಡು, ಅಬ್ಬೆತುಮಕೂರಿನ ವಿಶ್ವಾರಾಧ್ಯರ ಸಿದ್ಧಸಂಸ್ಥಾನ ಮಠದ ಮುಂದೆ ನಿಲ್ಲಿಸಿ ಪೂಜೆ ಮಾಡಿಸಿದ ಮೇಲೆಯೇ ಅದನ್ನು ಮನೆಯಂಗಳಕ್ಕೆ ತರಬೇಕೆಂದು ಹಂಬಲಿಸುವ ತರುಣನೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಇಂದು ಮಾತನಾಡುತ್ತಿದ್ದೇನೆ. ಅಂಗಡಿಯಿಂದ ಹೊರಬಂದ ದಿನ ಆ ಕಾರಿನ ಮೈಯಲ್ಲಿ ಆಕಾಶವೂ ಬೇವಿನ ಮರವೂ ಸ್ವಚ್ಛವಾಗಿ ಮೂಡುತ್ತಿದ್ದುವು. ಕೆಲವು ತಿಂಗಳು ಕಳೆಯುವಷ್ಟರಲ್ಲಿ, ಸಂಜೆಯ ಓರೆಬಿಸಿಲು ಬಾನೆಟ್ಟಿನ ಮೇಲೆ ಬಿದ್ದಾಗ, ಸೂರ್ಯಬಿಂಬದ ಸುತ್ತ ಜೇಡನ ಬಲೆಯನ್ನು ಹೋಲುವ ಅಸಂಖ್ಯ ಸೂಕ್ಷ್ಮರೇಖೆಗಳು ಎದ್ದು ಕಾಣುತ್ತವೆ. ಅವನ್ನು ಯಾವ ವೈರಿಯೂ ಗೀಚಿದ್ದಲ್ಲ. ದಿನವೂ ಬೆಳಗ್ಗೆ ಅಕ್ಕರೆಯಿಂದ ಕಾರಿನ ಧೂಳನ್ನು ಹೆಗಲ ಮೇಲಿನ ವಲ್ಲಿಯಿಂದ ಝಾಡಿಸಿ ಒರೆಸಿದ ಅಪ್ಪನದು, ಕಾಕನದು, ತಮ್ಮನದು ಆ ಕೆಲಸ. ಕರಿಯ ಕಾರು ಹಾಳಾಗುವುದು ಧೂಳು ಕೂತದ್ದರಿಂದಲ್ಲ, ಕೂತ ಧೂಳನ್ನು ಒಣಗಿದ್ದಾಗಲೇ ಒರೆಸಿದ್ದರಿಂದ. ನಾನು ಈ ಹೊತ್ತು ಹೇಳತಕ್ಕ ಉಳಿದ ಮಾತುಗಳೆಲ್ಲ ಈ ಒಂದು ಸಂಗತಿಯಿಂದಲೇ ಹೊರಡುತ್ತವೆ.

ಬಿಳಿಯ ಕಾರಿನ ಮೇಲೂ ಅಷ್ಟೇ ಗೀರುಗಳು ಬಿದ್ದಿರುತ್ತವೆ, ಆದರೆ ಕಾಣುವುದಿಲ್ಲ. ಇದಕ್ಕೆ ಕಾರಣ ಬೆಳಕಿನ ಧರ್ಮದಲ್ಲಿದೆ. ಕಾರಿನ ಬಣ್ಣದ ಮೇಲೆ ಬಳಿದಿರುವ ಪಾರದರ್ಶಕವಾದ ಲೇಪ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲನ್ನು ಮಾತ್ರ ಪ್ರತಿಫಲಿಸಿ, ಉಳಿದುದನ್ನು ಒಳಗೆ ಬಿಡುತ್ತದೆ. ಅಡಿಯಲ್ಲಿ ಬಿಳಿ ಬಣ್ಣವಿದ್ದರೆ ಒಳಹೊಕ್ಕ ಬೆಳಕಿನ ಬಹುಭಾಗ ಚದುರಿ ಹೊರಗೆ ಬಂದು, ಗೀರುಗಳು ಚೆಲ್ಲುವ ಅಲ್ಪಪ್ರಕಾಶವನ್ನು ತನ್ನಲ್ಲಿ ಮುಳುಗಿಸಿಬಿಡುತ್ತದೆ. ಅಡಿಯಲ್ಲಿ ಕಪ್ಪಿದ್ದರೆ ಒಳಗೆ ಹೋದದ್ದು ಹಿಂದಿರುಗುವುದೇ ಇಲ್ಲ. ಆಗ ಕಣ್ಣಿಗೆ ಬರುವುದು ಮೇಲ್ಮೈಯ ಆ ನಾಲ್ಕು ಪಾಲು ಮಾತ್ರವಾಗಿ, ಅದರಲ್ಲಿ ಉಂಟಾದ ಅತ್ಯಲ್ಪ ವಿಕಾರವೂ ಎದ್ದು ತೋರುತ್ತದೆ. ಗೀರುಗಳು ವರ್ತುಲವಾಗಿ ಕಾಣುವುದು ಕೂಡ ಒಂದು ಬಗೆಯ ದೃಷ್ಟಿಭ್ರಮೆಯೇ. ನಿಜದಲ್ಲಿ ಅವು ಎಲ್ಲ ದಿಕ್ಕಿಗೂ ಹರಡಿರುತ್ತವೆ, ಬೆಳಕಿನ ದಾರಿಗೆ ಅಡ್ಡವಾಗಿ ಬಿದ್ದವು ಮಾತ್ರ ಹೊಳೆಯುವುದರಿಂದ ಪ್ರತಿಬಿಂಬದ ಸುತ್ತ ಉಂಗುರಗಳು ಮೂಡಿದಂತೆ ತೋರುತ್ತದೆ.

ಆ ಪಾರದರ್ಶಕ ಲೇಪದ ದಪ್ಪವನ್ನು ಒಮ್ಮೆ ತಿಳಿದುಕೊಂಡವನು ಕಾರಿನ ಮೇಲೆ ಕೈಯಿಡುವ ಮುನ್ನ ಯೋಚಿಸುತ್ತಾನೆ. ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರು, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಈ ಕ್ಲಿಯರ್ ಕೋಟು. ಇಷ್ಟೆಲ್ಲ ಸೇರಿ ಕಾರ್ಖಾನೆಯ ಕಾರಿನಲ್ಲಿ ಸಾಧಾರಣವಾಗಿ 100ರಿಂದ 150 ಮೈಕ್ರಾನ್ ಆಗುತ್ತದೆ. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನುಗಳು. ಕ್ಲಿಯರ್ ಕೋಟಿನ ಪಾಲು ಇದರಲ್ಲಿ 35ರಿಂದ 50 ಮೈಕ್ರಾನ್ ಇದ್ದರೆ ಹೆಚ್ಚು. ನಮ್ಮ ತಲೆಗೂದಲಿಗಿಂತಲೂ ತೆಳುವಾದ ಈ ಪೊರೆಯೇ ಕಾರಿನ ಸಮಸ್ತ ಕಾಂತಿಗೂ ಆಧಾರ. 1980ರ ದಶಕದಿಂದೀಚೆಗೆ ಇದು ಸರ್ವತ್ರ ಬಳಕೆಗೆ ಬಂತು. ಅದಕ್ಕೆ ಬಹಳ ಹಿಂದೆ, 1914ರಿಂದ 1925ರವರೆಗೆ, ಅಮೆರಿಕದ ಹೆನ್ರಿ ಫೋರ್ಡ್ ಮಹಾಶಯರ ಮಾಡೆಲ್ ಟಿ ಕಾರು ಕಪ್ಪು ಬಣ್ಣವೊಂದರಲ್ಲೇ ದೊರೆಯುತ್ತಿದ್ದಾಗ, ಅದಕ್ಕೆ ಬಳಿಯುತ್ತಿದ್ದುದು ನಿಸರ್ಗದತ್ತವಾದ ಡಾಂಬರನ್ನು ಅಗಸೆ ಎಣ್ಣೆಯಲ್ಲಿ ಕೂಡಿಸಿ ಮಾಡಿದ, ಬಿಸಿಯಲ್ಲಿ ಬೇಯಿಸಿ ಗಟ್ಟಿಗೊಳಿಸಿದ ಒಂದು ವಾರ್ನಿಷು. ಅದು ಗಡುಸಾದದ್ದು, ಅಗ್ಗದ್ದು. ಇಂದಿನ ಲೇಪಕ್ಕೆ ಕನ್ನಡಿಯ ಹೊಳಪುಂಟು, ಆದರೆ ಒರಟು ಕೈಯನ್ನು ಸಹಿಸುವ ಶಕ್ತಿಯಿಲ್ಲ.

ಕಪ್ಪನ್ನು ಕಪ್ಪಾಗಿಯೇ ಕಾಯ್ದುಕೊಳ್ಳುವ ವಿವೇಕ ನಮ್ಮ ಪ್ರಾಂತಕ್ಕೆ ಹೊಸದೇನಲ್ಲ. ಬೀದರಿನ ಕುಶಲಕರ್ಮಿಗಳು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅದರಲ್ಲಿ ಬೆಳ್ಳಿಯ ತಂತಿಯನ್ನು ಹುದುಗಿಸಿ, ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕುದಿಸಿದ ನೀರಿನಲ್ಲಿ ಅದ್ದಿದರೆ, ಬೆಳ್ಳಿ ಬೆಳ್ಳಗೇ ಉಳಿದು ಲೋಹ ಮಾತ್ರ ಗಾಢವಾದ ಕಪ್ಪಿಗೆ ತಿರುಗುತ್ತದೆ. ಆಮೇಲೆ ಎಣ್ಣೆ ಸವರಿ ಆ ಕಪ್ಪಿಗೆ ಆಳವನ್ನು ಕೊಡುತ್ತಾರೆ. ಅಂತಹ ಹೂಜಿಯನ್ನೋ ತಟ್ಟೆಯನ್ನೋ ಮನೆಯಲ್ಲಿಟ್ಟುಕೊಂಡ ತಿಳಿದ ಗೃಹಿಣಿ ಅದನ್ನು ಬೂದಿ ಹುಣಸೆ ಹಚ್ಚಿ ತಿಕ್ಕುವುದಿಲ್ಲ. ತಿಕ್ಕಿದರೆ ಕಪ್ಪೇ ಹೊರಟುಹೋಗುವುದೆಂದು ಆಕೆ ಬಲ್ಲಳು.

ಇನ್ನು ನಮ್ಮ ಊರ ಧೂಳಿನ ವಿಚಾರ. ಸುತ್ತಣ ಹೊಲಗಳಲ್ಲಿ ಎರೆಮಣ್ಣು, ಬೆಟ್ಟಗಳ ಬುಡದಲ್ಲಿ ಮಸಾರಿ, ಯಾದಗಿರಿಯ ಕೋಟೆಯನ್ನು ಹೊತ್ತ ಗುಡ್ಡವಾದರೋ ಗ್ರಾನೈಟು ಕಲ್ಲಿನದು. ಎರೆಮಣ್ಣಿನ ಕಣ ತಾನೇ ಮೃದುವಾದುದು. ಬೇಸಿಗೆಯಲ್ಲಿ ಒಣಗಿ ಬಿರಿದು ಹಿಟ್ಟಾಗಿ ಹಾರುವುದೂ, ಮಳೆ ಬಿದ್ದೊಡನೆ ಉಬ್ಬಿ ಬಿಡದೆ ಅಂಟುವುದೂ ಅದರ ಸ್ವಭಾವ. ಆದರೆ ಗ್ರಾನೈಟು ಸವೆದು ಉದುರಿದ ಮರಳಿನಲ್ಲಿ ಬೆಣಚುಕಲ್ಲಿನ ಕಣಗಳಿವೆ. ಭೂವಿಜ್ಞಾನಿಗಳು ಖನಿಜಗಳ ಕಾಠಿಣ್ಯವನ್ನು ಅಳೆಯುವ ಹತ್ತರ ಮಾನದಲ್ಲಿ ಬೆಣಚಿನದು ಏಳು. ಕಿಟಕಿಯ ಗಾಜೂ ಅದಕ್ಕೆ ಸೋಲುತ್ತದೆ, ಕಾರಿನ ಲೇಪದ ಪಾಡೇನು? ಮೃದುವಾದ ಧೂಳಿನಲ್ಲಿ ಈ ಗಡುಸು ಕಣಗಳು ಬೆರೆತು ಕೂತಿರುವಾಗ ಒಣ ಅರಿವೆಯನ್ನು ಅದರ ಮೇಲೆ ಆಡಿಸಿದರೆ, ಆ ಅರಿವೆ ಬೀಸುವ ಕಲ್ಲಿನ ಕೆಲಸವನ್ನೇ ಮಾಡುತ್ತದೆ. ಅರಿವೆ ರೇಷ್ಮೆಯದಾಗಿದ್ದರೂ ಫಲ ಒಂದೇ. ಶಹಾಪುರ ಸುರಪುರಗಳ ಕಡೆ ನಾರಾಯಣಪುರದ ಕಾಲುವೆಯ ನೀರು ಬಂದು ಭತ್ತದ ಗದ್ದೆಗಳಾದ ಮೇಲೆ, ನಾಟಿಯ ದಿನಗಳಲ್ಲಿ ಟ್ರ್ಯಾಕ್ಟರುಗಳು ಡಾಂಬರು ರಸ್ತೆಗೆ ಹೊತ್ತು ತರುವ ಕೆಸರು ಬೇರೆ. ನೆಲಮಟ್ಟಕ್ಕೆ ತಗ್ಗಿದ ಈ ಜಾತಿಯ ಕಾರಿಗೆ ಅಗಲವಾದ ಟೈರುಗಳಿರುವುದರಿಂದ, ಆ ಕೆಸರನ್ನು ಅದು ತನ್ನ ಪಕ್ಕೆಗೂ ಹಿಂಭಾಗಕ್ಕೂ ತಾನೇ ಎರಚಿಕೊಳ್ಳುತ್ತದೆ. ತೊಳೆಯುವಾಗ ಆ ಕೆಳಭಾಗಗಳನ್ನು ಕಡೆಗೆ ಮುಟ್ಟತಕ್ಕದ್ದು. ಅಲ್ಲಿಗೆ ಬಳಸಿದ ಅರಿವೆಯನ್ನು ಮತ್ತೆ ಬಾನೆಟ್ಟಿಗೆ ತರಲಾಗದು.

ಹಾಗಾದರೆ ತೊಳೆಯುವ ಕ್ರಮವೇನು? ನಮ್ಮ ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಆ ಬಿಸಿಲಲ್ಲಿ ನಿಂತ ಕರಿಯ ತಗಡು ಗಾಳಿಗಿಂತ ಎಷ್ಟೋ ಹೆಚ್ಚಾಗಿ, ಕೈಯಿಡಲಾಗದಂತೆ ಕಾಯುತ್ತದೆ. ಅದರ ಮೇಲೆ ಹೊಯ್ದ ನೀರೂ ಶಾಂಪೂವೂ ಕ್ಷಣಾರ್ಧದಲ್ಲಿ ಆರಿ ಕಲೆಯಾಗುವುದರಿಂದ, ಸೂರ್ಯೋದಯಕ್ಕೆ ಮುಂಚಿನ ತಂಪು ಹೊತ್ತೇ ಇದಕ್ಕೆ ಪ್ರಶಸ್ತವಾದುದು. ಮೊದಲು ಏನನ್ನೂ ಮುಟ್ಟಿಸದೆ, ಮೇಲಿನಿಂದ ಕೆಳಕ್ಕೆ ನೀರು ಹರಿಸಿ, ಬಿಡುವ ಮಣ್ಣೆಲ್ಲ ತಾನಾಗಿ ಬಿಟ್ಟು ಹೋಗುವವರೆಗೆ ಕಾಯಬೇಕು. ಕಾಯುವುದೇ ಈ ವಿದ್ಯೆಯ ಅರ್ಧಭಾಗ. ಆಮೇಲೆ ಎರಡು ಬಕೆಟುಗಳನ್ನು ಇಟ್ಟುಕೊಂಡು, ಒಂದರಲ್ಲಿ ಕಾರಿಗೆಂದೇ ತಯಾರಾದ, ಕ್ಷಾರವೂ ಆಮ್ಲವೂ ಅಲ್ಲದ ಶಾಂಪೂ ಬೆರೆಸಿದ ನೀರನ್ನೂ, ಇನ್ನೊಂದರಲ್ಲಿ ಬರಿಯ ನೀರನ್ನೂ ತುಂಬಿ, ಉದ್ದ ಎಳೆಯ ಮೈಕ್ರೋಫೈಬರ್ ಕೈಗವಸಿನಿಂದ ಒಂದೊಂದೇ ಭಾಗವನ್ನು ನೇರರೇಖೆಯಲ್ಲಿ ಹಗುರವಾಗಿ ಸವರುತ್ತ, ಪ್ರತಿ ಭಾಗ ಮುಗಿದೊಡನೆ ಆ ಗವಸನ್ನು ಬರಿಯ ನೀರಿನಲ್ಲಿ ಜಾಲಿಸಿ ಮಣ್ಣನ್ನು ಬಿಡಿಸಿಯೇ ಶಾಂಪೂವಿನಲ್ಲಿ ಮತ್ತೆ ಅದ್ದಬೇಕು. ಬಕೆಟ್ ಒಂದೇ ಆದರೆ ಕಾರಿನಿಂದ ತೆಗೆದ ಮರಳನ್ನು ಕಾರಿಗೇ ಹಿಂದಿರುಗಿಸಿದಂತಾಗುತ್ತದೆ. ಬಟ್ಟೆ ಒಗೆಯುವ ಪುಡಿಯನ್ನೂ ಪಾತ್ರೆ ತಿಕ್ಕುವ ಸಾಬೂನನ್ನೂ ಹತ್ತಿರ ತರಬಾರದು. ಅವು ಕೊಳೆಯೊಡನೆ ಕಾರಿಗೆ ರಕ್ಷೆಯಾಗಿ ಬಳಿದ ಮೇಣವನ್ನೂ ಕಿತ್ತೊಯ್ಯುತ್ತವೆ. ಸೀಮೆಎಣ್ಣೆ ಡೀಸೆಲ್ಲುಗಳಿಂದ ಒರೆಸಿ ಹೊಳಪು ತರುವ ಪದ್ಧತಿ ಲಾರಿಗಳವರಲ್ಲಿ ಉಂಟು. ಆ ಹೊಳಪು ಎಣ್ಣೆಯದೇ ಹೊರತು ಬಣ್ಣದ್ದಲ್ಲ, ಮರುದಿನವೇ ಅದು ಊರ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಗಾಲಿಗಳಿಗೆ ಪ್ರತ್ಯೇಕವಾದ ಬಕೆಟೂ ಅರಿವೆಯೂ ಬೇಕು, ಏಕೆಂದರೆ ಬ್ರೇಕಿನಿಂದ ಸವೆದ ಕಬ್ಬಿಣದ ಪುಡಿ ಅಲ್ಲಿ ಮೆತ್ತಿರುತ್ತದೆ. ದೂರದಿಂದ ಓಡಿ ಬಂದು ಬ್ರೇಕು ಕಾದಿರುವಾಗ ಅಲ್ಲಿಗೆ ತಣ್ಣೀರು ಎರಚುವುದೂ ತರವಲ್ಲ.

ನೀರಿನ ವಿಷಯದಲ್ಲಿ ನಾನು ಸ್ವಲ್ಪ ನಿಂತು ಮಾತನಾಡಬೇಕಾಗಿದೆ. ಶಹಾಬಾದಿನ ಫರಸಿಯನ್ನು ನಾವು ಮನೆಮನೆಗೂ ಹಾಸಿಕೊಂಡಿದ್ದೇವೆ. ಅದು ಭೀಮಾ ಕಣಿವೆಯ ಸುಣ್ಣದ ಕಲ್ಲು. ಸೇಡಂ ವಾಡಿಗಳ ಸಿಮೆಂಟು ಕಾರ್ಖಾನೆಗಳಿಗೆ ಆಧಾರವಾದುದೂ, ಶಹಾಪುರ ತಾಲೂಕಿನ ಗೋಗಿಯವರೆಗೆ ನೆಲದಡಿ ಹಬ್ಬಿರುವುದೂ ಅದೇ ವರ್ಗದ ಶಿಲೆ. ಇಂತಹ ಸೀಮೆಯ ಕೊಳವೆಬಾವಿಗಳಲ್ಲಿ ಗಡಸು ನೀರು ಬರುವುದು ಆಶ್ಚರ್ಯವಲ್ಲ. ಆ ನೀರಿನ ಹನಿ ಕರಿಯ ಮೈಮೇಲೆ ಆರಿದಾಗ ನೀರು ಹೋಗಿ, ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಬೆಳ್ಳನೆಯ ಉಂಗುರವಾಗಿ ಉಳಿಯುತ್ತದೆ; ಬಿಸಿಲಿಗೆ ಬೆಂದು ಹಳತಾದಷ್ಟೂ ಬಿಡಿಸುವುದು ಕಠಿಣ. ಆದ್ದರಿಂದ ತೊಳೆದ ಕಾರನ್ನು ತಾನಾಗಿ ಆರಲು ಬಿಡದೆ, ಅಗಲವಾದ ಮೈಕ್ರೋಫೈಬರ್ ಟವೆಲನ್ನು ಮೈಮೇಲೆ ಹಾಸಿ, ಒತ್ತಿ, ಎತ್ತಿ ನೀರನ್ನು ಹೀರಿಸತಕ್ಕದ್ದು, ಎಳೆದು ತಿಕ್ಕತಕ್ಕದ್ದಲ್ಲ. ಹೊಸ ಕಲೆಗೆ ಅರ್ಧಕ್ಕರ್ಧ ನೀರು ಬೆರೆಸಿದ ಬಿಳಿ ವಿನೆಗರನ್ನು ತಂಪಾದ ಮೈಯ ಮೇಲೆ ಸ್ವಲ್ಪ ಹೊತ್ತು ಇರಿಸಿ ತೊಳೆದರೆ, ಹುಳಿ ಸುಣ್ಣವನ್ನು ಕರಗಿಸುತ್ತದೆ. ಕಡೆಯ ಜಾಲಿಕೆಗೆ ಮೆದುನೀರು ಬೇಕೆಂದು ಊರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಕ್ಯಾನು ಹಿಡಿದು ಹೋಗುವುದನ್ನು ಮಾತ್ರ ನಾನು ಒಪ್ಪಲಾರೆ. ಕೊಡ ಹಿಡಿದು ನಿಂತ ತಾಯಂದಿರ ಸಾಲಿನಲ್ಲಿ ಕಾರಿಗೆ ಸ್ಥಾನವಿಲ್ಲ. ಮಳೆಗಾಲದಲ್ಲಿ ಮಾಳಿಗೆಯಿಂದ ಇಳಿಯುವ ನೀರನ್ನು, ಮೊದಲ ಮಳೆಯ ಕೊಳೆ ಹೋದ ಮೇಲೆ, ಡ್ರಮ್ಮಿನಲ್ಲಿ ಹಿಡಿದು ಮುಚ್ಚಿಟ್ಟರೆ ಅದೇ ಉತ್ತಮವಾದ ಮೆದುನೀರು. ಎ.ಸಿ. ಯಂತ್ರವಿರುವ ಮನೆಗಳಲ್ಲಿ ಕೊಳವೆಯಿಂದ ತೊಟ್ಟಿಕ್ಕಿ ವ್ಯರ್ಥವಾಗುವ ನೀರೂ ಗಾಳಿಯ ತೇವ ತಣಿದು ಆದದ್ದಾದ್ದರಿಂದ, ಅದರಲ್ಲಿ ಸುಣ್ಣವಿರುವುದಿಲ್ಲ. ನೀರಿನ ಬರವಿರುವ ತಿಂಗಳುಗಳಲ್ಲಿ, ಕೂತದ್ದು ತೆಳುಧೂಳು ಮಾತ್ರವಾಗಿದ್ದರೆ, ಜಾಲಿಸುವ ಅಗತ್ಯವಿಲ್ಲದ ತೊಳೆಯುವ ದ್ರಾವಣವನ್ನು ಒಂದೇ ಬಕೆಟಿನಲ್ಲಿ ಬೆರೆಸಿ, ಅದರಲ್ಲಿ ನೆನೆದ ಹಲವು ಅರಿವೆಗಳನ್ನು ಮಡಚಿ, ಪ್ರತಿ ಮಡಿಕೆಯನ್ನೂ ಒಂದೊಂದು ಸಲ ಮಾತ್ರ ಬಳಸಿ ಇಡೀ ಕಾರನ್ನು ಮುಗಿಸಬಹುದು. ಕೆಸರು ಮೆತ್ತಿದ ಕಾರಿಗೆ ಈ ಉಪಾಯ ಸಲ್ಲದು.

ಬೇವಿನ ನೆರಳು ತಂಪೆಂದು ಅದರ ಕೆಳಗೆ ಕಾರು ನಿಲ್ಲಿಸುವವರು ಹಕ್ಕಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ, ಅವು ತಿಂದ ಬೀಜದ ಚೂರೂ ಮರಳೂ ಇವೆ. ಬಿಸಿಲಿನಲ್ಲಿ ಹಿಗ್ಗಿ ಮೆತ್ತಗಾದ ಲೇಪ, ರಾತ್ರಿಯ ತಂಪಿಗೆ ಕುಗ್ಗುವಾಗ ಒಣಗಿ ಗಟ್ಟಿಯಾದ ಹಿಕ್ಕೆಯ ಆಕಾರವನ್ನೇ ತಳೆದು ಅಲ್ಲಿ ಮಂಕಾಗುತ್ತದೆ. ಕಂಡೊಡನೆ ಒದ್ದೆ ಅರಿವೆಯನ್ನು ಅದರ ಮೇಲೆ ಹಾಕಿ, ನೆನೆದು ಸಡಿಲವಾದ ಮೇಲೆ ಎತ್ತಿ ತೆಗೆಯಬೇಕು, ಉಗುರಿನಿಂದ ಕೆರೆಯಬಾರದು.

ಇನ್ನು ಆಯುಧಪೂಜೆ. ವಾಹನವನ್ನು ಪೂಜಿಸುವ ನಮ್ಮ ಸಂಪ್ರದಾಯ ಕೃತಜ್ಞತೆಯ ಸಂಪ್ರದಾಯ. ಅದನ್ನು ಬಿಡೆಂದು ನಾನು ಯಾರಿಗೂ ಹೇಳೆನು. ಆದರೆ ಪೂಜೆಗೆ ಕೂರುವ ಮುನ್ನ ಯಾವುದನ್ನು ಎಲ್ಲಿ ಇಡಬೇಕೆಂದು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ವಿಭೂತಿ ಸುಣ್ಣದಂಶವುಳ್ಳ ನುಣ್ಣನೆಯ ಪುಡಿ. ಒಣ ಬೆರಳುಗಳಿಂದ ಬಾನೆಟ್ಟಿನ ಮೇಲೆ ಮೂರು ಗೆರೆಗಳನ್ನು ಎಳೆದರೆ, ತೊಳೆದ ಮೇಲೂ ಆ ಮೂರು ಗೆರೆಗಳು ಉಳಿದಾವು. ನೀರಿನಲ್ಲಿ ಕಲಸಿದ ವಿಭೂತಿಯನ್ನು ಮುಂದಿನ ಗಾಜಿನ ಮೇಲೆ ಧರಿಸಿದರೆ ಗಾಜು ಅದನ್ನು ನಿರಾಯಾಸವಾಗಿ ತಾಳಿಕೊಳ್ಳುತ್ತದೆ, ಭಕ್ತಿಗೂ ಊನವಿಲ್ಲ. ಕುಂಕುಮಕ್ಕೂ ಗಾಜೇ ಸ್ಥಾನ. ಅರಿಸಿನದ ಕಲೆ ಬಿದ್ದರೂ ಭಯವಿಲ್ಲ, ಅದರ ಹಳದಿ ಬಿಸಿಲಿಗೆ ತಾನೇ ಮಾಸುವ ಗುಣದ್ದು. ಆದಕಾರಣ ಸಂಕ್ರಾಂತಿಯಲ್ಲಿ ಮೈಲಾಪುರದ ಮೈಲಾರಲಿಂಗನ ಜಾತ್ರೆಗೆ ಹೋಗಿ ಮೈತುಂಬ ಭಂಡಾರದ ಅರಿಸಿನಪುಡಿ ಹೊತ್ತು ಬಂದ ಕಾರನ್ನು, ಅಲ್ಲಿಯೇ ಕೊಡವಿ ಒರೆಸದೆ, ಮನೆಗೆ ಬಂದು ನೀರು ಹರಿಸಿಯೇ ಶುದ್ಧಮಾಡಿದರೆ ಸಾಕು. ಹೆಚ್ಚಿನ ಹಾನಿ ಹೂಮಾಲೆಯ ದಾರದಿಂದ. ಬಾನೆಟ್ಟಿನ ಮೇಲೆ ಸಡಿಲವಾಗಿ ಇಳಿಬಿಟ್ಟ ಮಾಲೆ ಓಡುವ ಕಾರಿನಲ್ಲಿ ಗಾಳಿಗೆ ಬಡಿದಾಡುತ್ತ, ಧೂಳಿನೊಡನೆ ಸೇರಿ ದಾರಿಯುದ್ದಕ್ಕೂ ಉಜ್ಜುತ್ತಲೇ ಬರುತ್ತದೆ. ಪೂಜೆ ಮುಗಿದ ಮೇಲೆ ಮಾಲೆಯನ್ನು ತೆಗೆದು ಒಳಗಿರಿಸಿಕೊಂಡು ಹೊರಡುವುದು ಲೇಸು. ಕುಂಬಳಕಾಯಿಯನ್ನು ಕಾರಿನಿಂದ ನಾಲ್ಕು ಮಾರು ದೂರದಲ್ಲಿ ಒಡೆದರೂ ದೃಷ್ಟಿ ನಿವಾಳಿಯಾಗುತ್ತದೆ. ಚಕ್ರದಡಿಯ ನಿಂಬೆಹಣ್ಣಿನ ರಸ ಮೈಗೆ ಸಿಡಿದಿದ್ದರೆ ಅಂದೇ ತೊಳೆಯಬೇಕು.

ಇಷ್ಟು ಎಚ್ಚರ ವಹಿಸಿಯೂ ಗೀರುಗಳು ಬಿದ್ದೇ ಇದ್ದರೆ ಪಾಲಿಷಿನ ಮಾತು ಬರುತ್ತದೆ. ಪಾಲಿಷೆಂದರೆ ಗೀರಿನ ಸುತ್ತಲ ಲೇಪವನ್ನು ಗೀರಿನ ಆಳಕ್ಕೆ ಸವೆಸಿ ಸಮಮಾಡುವುದು. ಹಾಕಿದ ಪ್ರತಿ ಸಲವೂ ಆ ತೆಳು ಪೊರೆಯಲ್ಲಿ ಒಂದೆರಡು ಮೈಕ್ರಾನ್ ಶಾಶ್ವತವಾಗಿ ಖರ್ಚಾಗುತ್ತದೆ. ಆದ್ದರಿಂದ ಇದು ಹಬ್ಬಹಬ್ಬಕ್ಕೂ ಮಾಡುವ ಕೆಲಸವಲ್ಲ. ಮೊದಲು ತೊಳೆದ ಮೈಯ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಕೈಗೆ ತೊಟ್ಟು ಸವರಿ ನೋಡಬೇಕು. ತರಿತರಿಯಾಗಿದ್ದರೆ, ಕ್ಲೇ ಎಂದು ಮಾರುವ ಮೆತ್ತನೆಯ ಜೇಡಿಯನ್ನು, ಜಾರಿಸುವ ದ್ರವವನ್ನು ಯಥೇಚ್ಛವಾಗಿ ಸಿಂಪಡಿಸಿ, ಹಗುರವಾಗಿ ಆಡಿಸಿದರೆ ಅಂಟಿದ ಕಣಗಳು ಬರುತ್ತವೆ. ನೆಲಕ್ಕೆ ಬಿದ್ದ ಕ್ಲೇಯನ್ನು ಎಸೆದುಬಿಡಬೇಕು. ಅನಂತರ ಅತ್ಯಂತ ಸೌಮ್ಯವಾದ ಪಾಲಿಷನ್ನು, ಸುತ್ತುತ್ತಲೇ ಅತ್ತಿತ್ತ ಹೊರಳುವ ಡ್ಯುಯಲ್ ಆಕ್ಷನ್ ಯಂತ್ರದಿಂದ, ಮರೆಯಾದ ಒಂದು ಗೇಣು ಜಾಗದಲ್ಲಿ ಪರೀಕ್ಷಿಸಿ, ಅಷ್ಟರಿಂದಲೇ ಸಾಕಾಗುವುದಾದರೆ ಅದಕ್ಕಿಂತ ತೀಕ್ಷ್ಣವಾದುದರ ತಂಟೆಗೆ ಹೋಗದಿರುವುದು ಕ್ಷೇಮ. ಒಂದೇ ಅಕ್ಷದ ಮೇಲೆ ರಭಸದಿಂದ ತಿರುಗುವ ರೋಟರಿ ಯಂತ್ರ ಕಲಿತವರ ಕೈಯದು. ಹೊಸಬನ ಕೈಯಲ್ಲಿ ಅದು ಅಂಚುಗಳ ಲೇಪವನ್ನು ಸುಟ್ಟುಬಿಡುತ್ತದೆ. ಯಂತ್ರ ಹಿಡಿಯುವ ಮುನ್ನ ಯಾದಗಿರಿಯ ಗುಜರಿ ಅಂಗಡಿಯಿಂದ ಹಳೆಯ ಕಪ್ಪು ಬಾಗಿಲೊಂದನ್ನು ತಂದು ಅದರ ಮೇಲೆ ಕೈ ಪಳಗಿಸಿಕೊಂಡರೆ ಎಷ್ಟೋ ಒಳ್ಳೆಯದು. ಕೆಲವು ಪಾಲಿಷುಗಳು ಗೀರನ್ನು ತೆಗೆಯದೆ ಎಣ್ಣೆಯಿಂದ ತುಂಬಿ ಮರೆಮಾಡುತ್ತವೆ; ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಆ ಜಾಗವನ್ನು ಒರೆಸಿ ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ. ಕಾರು ಕಾರ್ಖಾನೆಯಿಂದಲೇ ಹೊಳಪಿಲ್ಲದ ಮ್ಯಾಟ್ ಕಪ್ಪಿನಲ್ಲಿ ಬಂದಿದ್ದರೆ ಪಾಲಿಷನ್ನು ಎಂದೆಂದಿಗೂ ಮುಟ್ಟಿಸಕೂಡದು. ಉಜ್ಜಿದ ಕಡೆಯೆಲ್ಲ ಹೊಳಪಿನ ತೇಪೆಗಳಾಗಿ, ಅವು ಮತ್ತೆ ಹೋಗುವುದಿಲ್ಲ.

ಶುದ್ಧವಾದ ಮೈಗೆ ರಕ್ಷೆಯಾಗಿ ಮೇಣ. ಇದರಲ್ಲಿ ಬಹುಖ್ಯಾತವಾದದ್ದು ಬ್ರೆಜಿಲ್ ದೇಶದ ಈಶಾನ್ಯದ ಬರಡು ಸೀಮೆಯಲ್ಲಿ ಬೆಳೆಯುವ ಕಾರ್ನೌಬಾ ತಾಳೆಯ ಎಲೆಯಿಂದ ಸಿಕ್ಕುವ ಮೇಣ. ನಮ್ಮದರಂತೆಯೇ ಬಿಸಿಲು ಕಾಯುವ ಆ ನಾಡಿನಲ್ಲಿ ತನ್ನ ಎಲೆಯ ನೀರು ಆರಿಹೋಗದಂತೆ ಆ ಮರ ತಾನೇ ಬಳಿದುಕೊಂಡ ಲೇಪ ಅದು. ಕರಗಲು ಅದಕ್ಕೆ 80 ಡಿಗ್ರಿಗೂ ಮೀರಿದ ಶಾಖ ಬೇಕು. ಕಪ್ಪಿಗೆ ಅದು ಕೊಡುವ ಆರ್ದ್ರವಾದ ಆಳ ಬೇರೆ ಯಾವುದರಿಂದಲೂ ಬರದೆಂಬುದು ನನ್ನ ಅಭಿಪ್ರಾಯ. ಆದರೆ ನಮ್ಮ ಬೇಸಿಗೆಯಲ್ಲಿ ಕೆಲವು ವಾರಗಳಷ್ಟೇ ಅದರ ಬಾಳು. ಕೃತಕ ಸೀಲಂಟುಗಳು ಕೆಲವು ತಿಂಗಳು ನಿಲ್ಲುತ್ತವೆ. ಸಿರಾಮಿಕ್ ಲೇಪ ವರ್ಷಗಳ ಕಾಲ ಬರುವುದಾದರೂ, ಅಡಿಯಲ್ಲಿ ಗೀರುಗಳನ್ನು ಬಿಟ್ಟು ಹಚ್ಚಿದರೆ ಅವನ್ನೇ ಸೆರೆಹಿಡಿದು ಕೂರುತ್ತದೆ, ಅದನ್ನು ಹಚ್ಚಿದ ಮಾತ್ರಕ್ಕೆ ಮುಂದೆ ಗೀರು ಬೀಳದೆಂದೂ ಇಲ್ಲ. ಹೊಸಬರು ಮೇಣದಿಂದಲೇ ಆರಂಭಿಸಲಿ. ತೆಳುವಾಗಿ ಬಳಿದಷ್ಟೂ ಒಳ್ಳೆಯದು, ದಪ್ಪ ಬಳಿದರೆ ಒರೆಸುವ ಶ್ರಮ ಹೆಚ್ಚುವುದೇ ಹೊರತು ರಕ್ಷೆ ಹೆಚ್ಚದು.

ಕಡೆಯದಾಗಿ ಹೊದಿಕೆಯ ಮಾತು. ಅಂಗಳದಲ್ಲಿ ನಿಂತ ಕಾರಿಗೆ ಹೊದಿಕೆ ಹಾಕುವವರು, ಧೂಳು ಕೂತ ಮೈಯ ಮೇಲೆ ಅದನ್ನು ಹಾಕಿದರೆ ಬೇಸಿಗೆಯ ಸುಳಿಗಾಳಿಗೆ ಹೊದಿಕೆ ಅಲುಗಾಡಿದಂತೆಲ್ಲ ಕೆಳಗಿನ ಮರಳು ಲೇಪವನ್ನು ತೇಯುತ್ತದೆಂಬುದನ್ನು ನೆನಪಿಡಬೇಕು. ತೊಳೆದು ಆರಿಸಿದ ಕಾರಿಗೆ ಮಾತ್ರ, ಅದೂ ಬಿಗಿಯಾಗಿ ಕೂರುವ, ಒಳಮೈ ಮೆತ್ತಗಿರುವ ಹೊದಿಕೆಯಾದರೆ ಸರಿ. ಅದಕ್ಕಿಂತಲೂ, ಪಡುವಣ ಬಿಸಿಲಿಗೆ ಒಂದು ಮಗ್ಗುಲು ಮರೆಮಾಡಿದ ತಗಡಿನ ಚಪ್ಪರವನ್ನು ಹಾಕಿಸಿ, ಅಡಿಗೆ ಫರಸಿ ಹಾಸಿ, ಹೊದಿಕೆಯಿಲ್ಲದೆಯೇ ಅಲ್ಲಿ ನಿಲ್ಲಿಸುವುದು ನಮ್ಮ ಊರಿಗೆ ಹೆಚ್ಚು ಒಪ್ಪುತ್ತದೆ. ಅಲ್ಲಿ ಕೂತ ಧೂಳು ವಾರದ ತೊಳೆತದವರೆಗೆ ಕೂತೇ ಇರಲಿ.